ಸ್ಪೇನ್ ಹೆಣ್ಣುಮಕ್ಕಳು ಕೇಳಿದ್ದೇನು

2023ರ ಮಹಿಳಾ ಫುಟ್‌ಬಾಲ್ ವಿಶ್ವಕಪ್ ಅಂದ ಕೂಡಲೇ ನಮ್ಮಲ್ಲಿ ಜಾಸ್ತಿ ಜನಕ್ಕೆ ನೆನಪಾಗೋದು ಪದಕ ಕೊಡುವಾಗ ಆದ ಆ ಒಂದು ಘಟನೆ. ಸ್ಪೇನ್ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷ ಲೂಯಿಸ್ ರುಬಿಯಾಲೆಸ್, ಆಟಗಾರ್ತಿ ಜೆನ್ನಿ ಹೆರ್ಮೋಸೊ ಅವರ ತಲೆ ಹಿಡಿದು ತುಟಿಗೆ ಮುತ್ತಿಟ್ಟಿದ್ದು. ಸುದ್ದಿವಾಹಿನಿಗಳು ಅದನ್ನೇ ತಿರುಗಿಸಿ ತಿರುಗಿಸಿ ತೋರಿಸಿದವು. ಕಪ್ ಗೆದ್ದ ಆ ತಂಡ ಟೂರ್ನಿಯ ನಡುವೆ ಯಾರ ಎದುರು ಸೋತಿತ್ತು, ಸೋತ ಮೇಲೆ ಏನು ಮಾಡಿತು, ಕಪ್ ಗೆಲ್ಲೋದಕ್ಕೆ ಒಂದು ವರ್ಷ ಮೊದಲು ಅದೇ ಆಟಗಾರ್ತಿಯರು ತಮ್ಮ ಒಕ್ಕೂಟಕ್ಕೆ ಏನು ಬರೆದಿದ್ದರು ಅನ್ನೋದು ಯಾರ ಬಾಯಲ್ಲೂ ಬರಲಿಲ್ಲ. ಆ ಟೂರ್ನಿಯನ್ನು ನಾನು ಸ್ಪೇನಿನ ಮೊದಲ ಪಂದ್ಯದಿಂದ ಕೊನೆಯವರೆಗೂ ನೋಡಿದವಳು. ಹಾಗಾಗಿ ನನಗೆ ಆ ಕಥೆಯನ್ನು ಮೊದಲಿಂದ ಹೇಳಬೇಕು ಅನ್ನಿಸುತ್ತಲೇ ಇದೆ.

ಮೊದಲು ಅಂದರೆ ಸ್ವಲ್ಪ ಹಿಂದಕ್ಕೇ ಹೋಗಬೇಕು. 1971ರಲ್ಲಿ ಮುರ್ಸಿಯಾ ಅನ್ನೋ ಊರಲ್ಲಿ ಸ್ಪೇನಿನ ಹೆಣ್ಣುಮಕ್ಕಳು ಪೋರ್ಚುಗಲ್ ಜೊತೆ ಒಂದು ಪಂದ್ಯ ಆಡಿದರು, 3-3 ಆಯಿತು. ಒಕ್ಕೂಟ ಅದನ್ನು ಒಪ್ಪಲೇ ಇಲ್ಲ. ರೆಫರಿ ಅಧಿಕೃತ ಉಡುಪು ಹಾಕುವ ಹಾಗಿಲ್ಲ ಅಂತ ಸುಮ್ನೆ ಟ್ರ್ಯಾಕ್ ಸೂಟ್‌ನಲ್ಲಿ ಬಂದು ಆಡಿಸಿದರು. ಆಗಿನ ಒಕ್ಕೂಟದ ಅಧ್ಯಕ್ಷರ ಮಾತಿನ ಸಾರ ಇಷ್ಟು: ಮಹಿಳಾ ಫುಟ್‌ಬಾಲಿಗೆ ತನ್ನ ವಿರೋಧವೇನಿಲ್ಲ, ಆದರೆ ಅಂಗಿ ಚಡ್ಡಿ ಹೆಣ್ಣುಮಕ್ಕಳಿಗೆ ಚೆಂದ ಕಾಣಲ್ಲ, ಅದರ ಬದಲು ನಾಡಿನ ಸಾಂಪ್ರದಾಯಿಕ ಉಡುಪು ಯಾವುದಾದರೂ ಚೆನ್ನಾಗಿರುತ್ತೆ. ಅಧಿಕೃತವಾಗಿ ಮೊದಲ ಪಂದ್ಯ ಆಡೋಕೆ 1983 ಬರಬೇಕಾಯಿತು. ಆಮೇಲೆ 1988ರಿಂದ 2015ರವರೆಗೆ, 27 ವರ್ಷ, ಇಗ್ನಾಸಿಯೊ ಕೆರೆಡಾ ಅನ್ನುವ ಒಬ್ಬರೇ ಕೋಚ್. ಅವರ ಕೈಕೆಳಗೆ 2015ರಲ್ಲಿ ಮೊದಲ ಸಲ ವಿಶ್ವಕಪ್ಪಿಗೆ ಹೋದ ತಂಡ ಒಂದೂ ಪಂದ್ಯ ಗೆಲ್ಲದೆ ವಾಪಸ್ ಬಂತು. ಆಗ ತಂಡದ 23 ಜನವೂ ಸೇರಿ, ಈ ಕೋಚ್ ಬದಲಾಗಬೇಕು ಅಂತ ಬಹಿರಂಗವಾಗಿ ಹೇಳಿದರು. ಬದಲಾಯಿತು. ಹೋರ್ಹೆ ವಿಲ್ಡಾ ಬಂದರು.

2022ರ ಸೆಪ್ಟೆಂಬರ್‌ನಲ್ಲಿ ಹದಿನೈದು ಜನ ಆಟಗಾರ್ತಿಯರು ಒಕ್ಕೂಟಕ್ಕೆ ಒಂದೊಂದು ಇಮೇಲ್ ಕಳಿಸಿದರು. ಎಲ್ಲದರಲ್ಲೂ ಒಂದೇ ಒಕ್ಕಣೆ. ತಂಡದೊಳಗಿನ ಪರಿಸ್ಥಿತಿ ತಮ್ಮ ಮನಸ್ಸಿಗೂ ಆರೋಗ್ಯಕ್ಕೂ ಪೆಟ್ಟು ಕೊಡುತ್ತಿದೆ, ಇದು ಸರಿಯಾಗುವವರೆಗೆ ನಮ್ಮನ್ನು ಆಯ್ಕೆ ಮಾಡಬೇಡಿ ಅಂತ. ಅಭ್ಯಾಸದ ಗುಣಮಟ್ಟ, ಪಂದ್ಯಕ್ಕೆ ಹೋಗಿಬರೋ ವ್ಯವಸ್ಥೆ, ಸಿಬ್ಬಂದಿ ಕೊರತೆ, ಎಲ್ಲದಕ್ಕೂ ಕಣ್ಗಾವಲು. ರಾತ್ರಿ ಹೋಟೆಲ್ ಕೋಣೆಯ ಬಾಗಿಲು ತೆರೆದೇ ಇಡಬೇಕಿತ್ತು ಅನ್ನೋ ಮಟ್ಟದ ದೂರುಗಳು ಅಲ್ಲಿನ ಪತ್ರಿಕೆಗಳಲ್ಲಿ ಬಂದವು. ಒಕ್ಕೂಟದ ಉತ್ತರ ಏನು ಗೊತ್ತಾ? ತಪ್ಪು ಒಪ್ಪಿಕೊಂಡು ಕ್ಷಮೆ ಕೇಳಿದರೆ ಮಾತ್ರ ವಾಪಸ್ ತಗೊಳ್ತೀವಿ. ಬೇಕಾದರೆ ಯೂತ್ ತಂಡದ ಮಕ್ಕಳನ್ನು ಕಟ್ಟಿಕೊಂಡು ಆಡ್ತೀವಿ.

ಈ ಉತ್ತರ ಓದಿದಾಗ ನನಗೆ ಸ್ಪೇನ್ ದೂರದ ದೇಶ ಅನ್ನಿಸಲಿಲ್ಲ.

ನನ್ನ ಅಕ್ಕನ ಮಗಳು ಮಂಡ್ಯದಲ್ಲಿ ಓದುತ್ತಾಳೆ. ಖೋ ಖೋ ಆಟಗಾರ್ತಿ. ಹೈಸ್ಕೂಲಿನಲ್ಲಿದ್ದಾಗ ಅವಳ ತಂಡಕ್ಕೆ ಸಿಕ್ಕ ಜೆರ್ಸಿಗಳು ಹುಡುಗರ ಅಳತೆಯವು, ಭುಜ ಜಾರುತ್ತಿತ್ತು. ಅಕ್ಕ ಒಳಗಿನಿಂದ ಮಡಿಚಿ ಹೊಲಿದು, ಕತ್ತಿನ ಹತ್ತಿರ ಸೇಫ್ಟಿ ಪಿನ್ ಹಾಕಿ ಕಳಿಸುತ್ತಿದ್ದಳು. ಡೈವ್ ಹೊಡೆದಾಗ ಆ ಪಿನ್ ಬಿಚ್ಚಿಕೊಂಡು ಒಂದು ಸಲ ಹುಡುಗಿಯ ಕಾಲರ್ ಮೂಳೆ ಹತ್ತಿರ ಉದ್ದಕ್ಕೆ ಗೀರಿತ್ತು. ರಕ್ತ ಅಂಗಿಗೆ ಹತ್ತಿ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು, ಅದನ್ನು ತಣ್ಣೀರಲ್ಲಿ ಉಜ್ಜಿದವಳು ನಾನೇ. ಪಕ್ಕದ ಜಿಲ್ಲೆಗೆ ಪಂದ್ಯಕ್ಕೆ ಹೋದಾಗ ಬಟ್ಟೆ ಬದಲಾಯಿಸೋಕೆ ಕೋಣೆ ಇರಲಿಲ್ಲ. ನಾಲ್ಕು ಜನ ಹುಡುಗಿಯರು ದುಪಟ್ಟಾ ಅಡ್ಡ ಹಿಡಿಯೋದು, ಒಬ್ಬಳು ಬದಲಾಯಿಸೋದು. ಇದನ್ನು ತಂಡದ ಹುಡುಗಿಯರು ಹೋಗಿ ಹೇಳಿದರು. ಜಗಳ ಆಡಲಿಲ್ಲ, ಸುಮ್ನೆ ಹೇಳಿದರು. ಅದಕ್ಕೆ ಜವಾಬ್ದಾರಿ ಇದ್ದವರೊಬ್ಬರು ಕೊಟ್ಟ ಉತ್ತರ: "ಆಡಾಕ್ ಬುಟ್ಟಿರೋದೇ ದೊಡ್ಡದು ಕಣವ್ವ, ಇನ್ನೇನ್ ಬೇಕು ನಿಮಗೆ?"

ನಾನು ಈ ಮಾತನ್ನು ನಮ್ಮ ಕಾಲದಲ್ಲೂ ಕೇಳಿದ್ದೆ. ಮನೆಯಲ್ಲಿ, ಶಾಲೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ. ಹೇಳುವವರು ಕೆಟ್ಟವರೇ ಆಗಿರಬೇಕು ಅಂತೇನಿಲ್ಲ. ಎಷ್ಟೋ ಸಲ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಮಾತು ಒಂದು ಸಲ ಕಿವಿಗೆ ಬಿದ್ದ ಮೇಲೆ ಹುಡುಗಿ ಆಟ ಆಡೋದನ್ನು ಒಂದು ಉಪಕಾರ ಅಂದುಕೊಳ್ಳೋಕೆ ಶುರು ಮಾಡುತ್ತಾಳೆ. ಉಪಕಾರ ಅಂದುಕೊಂಡವಳು ಏನನ್ನೂ ಕೇಳಲ್ಲ. ಸ್ಪೇನಿನ ಆ ಹದಿನೈದು ಜನ ಮಾಡಿದ್ದು ಅದಕ್ಕೆ ಪೂರ್ತಿ ಉಲ್ಟಾ. ಅವರು ಕೇಳಿದ್ದು ಇನ್ನೂ ಚೆನ್ನಾಗಿ ಆಡೋಕೆ ಏನು ಬೇಕೋ ಅದನ್ನು. ಗೆಲ್ಲಬೇಕು ಅನ್ನೋ ಹಸಿವು ಇದ್ದವರು ಮಾತ್ರ ಹಾಗೆ ಕೇಳೋಕೆ ಸಾಧ್ಯ ಅಂತ ನನಗನ್ನಿಸುತ್ತೆ.

ಮುಂದಿನ ಕೆಲವು ತಿಂಗಳಲ್ಲಿ ಮಾತುಕತೆ ನಡೆಯಿತು, ಕೆಲವು ಬೇಡಿಕೆ ಈಡೇರಿದವು. ವಿಶ್ವಕಪ್ಪಿಗೆ ಹೋಗುವ ತಂಡ ಪ್ರಕಟವಾದಾಗ ಆ ಹದಿನೈದರಲ್ಲಿ ಮೂವರು ಇದ್ದರು: ಐಟಾನಾ ಬೊನ್ಮಾಟಿ, ಮಾರಿಯೋನಾ ಕಾಲ್ದೆಂಟೈ, ಓನಾ ಬಾಟ್ಲೆ. ಪತ್ರ ಕಳಿಸದಿದ್ದರೂ ಅವರ ಬೆನ್ನಿಗೆ ನಿಂತಿದ್ದ ಹೆರ್ಮೋಸೊ, ಐರೀನ್ ಪರೆಡೆಸ್, ಅಲೆಕ್ಸಿಯಾ ಪುಟೆಯಾಸ್ ಕೂಡ ಇದ್ದರು. ಮಾಪಿ ಲಿಯಾನ್, ಪಾತ್ರಿ ಗಿಹಾರೊ ಥರದ ದೊಡ್ಡ ಆಟಗಾರ್ತಿಯರು ಹೋಗಲೇ ಇಲ್ಲ. ತಮ್ಮ ಜೀವನದ ಅತಿ ಒಳ್ಳೆಯ ವಯಸ್ಸಿನ ವಿಶ್ವಕಪ್ ಬಿಟ್ಟುಕೊಟ್ಟರು. ಹೋದವರು ಸರಿಯೋ ಉಳಿದವರು ಸರಿಯೋ ಅಂತ ಆಗ ತುಂಬ ಚರ್ಚೆ ಆಯಿತು. ನನ್ನ ಮಟ್ಟಿಗೆ ಇಬ್ಬರೂ ಸರಿ. ಒಳಗಿದ್ದು ಸರಿ ಮಾಡೋರೂ ಬೇಕು, ಹೊರಗೆ ನಿಂತು ಒತ್ತಡ ಹಾಕೋರೂ ಬೇಕು.

ಸರಿ, ಇನ್ನು ಆಟಕ್ಕೆ ಬರ್ತೀನಿ.

ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎರಡೂ ಸೇರಿ ನಡೆಸಿದ ವಿಶ್ವಕಪ್ ಅದು. ಮೊದಲ ಸಲ 32 ತಂಡ. ಅಲ್ಲಿ ಸಂಜೆ ಆಟ ಅಂದರೆ ನಮಗೆ ಮಧ್ಯಾಹ್ನ. ಸ್ಪೇನಿನ ಮೊದಲ ಪಂದ್ಯ ಜುಲೈ 21ಕ್ಕೆ, ನಮ್ಮ ಸಮಯ ಮಧ್ಯಾಹ್ನ ಒಂದು ಗಂಟೆಗೆ. ನಾನು ಮೈಸೂರಿನಲ್ಲಿ ಕೆಲಸ ಮಾಡೋದು, ಮಂಡ್ಯದಿಂದ ದಿನಾ ರೈಲಿನಲ್ಲಿ ಓಡಾಟ. ಊಟದ ಹೊತ್ತಲ್ಲಿ ಫೋನ್ ಅನ್ನು ನೀರಿನ ಬಾಟಲಿಗೆ ಒರಗಿಸಿಟ್ಟು ನೋಡುತ್ತಿದ್ದೆ. ಕೋಸ್ಟರಿಕಾ ಎದುರು 3-0, ಮೂರೂ ಗೋಲು ಆರೇಳು ನಿಮಿಷದೊಳಗೆ. ಜಾಂಬಿಯಾ ಎದುರು 5-0. ಈ ಎರಡರ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಚೆಂಡು ಸ್ಪೇನಿನವರ ಕಾಲಲ್ಲೇ ಇತ್ತು, ಎದುರಾಳಿಗಳು ಬೆನ್ನಟ್ಟಿ ಬೆನ್ನಟ್ಟಿ ಸುಸ್ತಾದರು. ಒಂದು ಸಣ್ಣ ವಿಷಯ ಮಾತ್ರ ಹೇಳಬೇಕು. ತಂಡ ಪಾಮರ್ಸ್ಟನ್ ನಾರ್ತ್ ಅನ್ನೋ ಪುಟ್ಟ ಊರಲ್ಲಿ ಬಿಡಾರ ಮಾಡಿತ್ತು, ಟೂರ್ನಿಯ ಮಧ್ಯದಲ್ಲೇ ಅಲ್ಲಿಂದ ವೆಲಿಂಗ್ಟನ್‌ಗೆ ಜಾಗ ಬದಲಾಯಿಸಿತು. ಹುಡುಗಿಯರಿಗೆ ಅಲ್ಲಿ ಬೇಜಾರಾಗಿದೆ ಅಂತ ಪತ್ರಿಕೆಗಳು ಬರೆದವು. ಒಂದು ವರ್ಷದ ಹಿಂದೆ ಆಗಿದ್ದರೆ ಹೀಗೊಂದು ಬದಲಾವಣೆ ಆಗುತ್ತಿತ್ತಾ ಅಂತ ನಾನು ಯೋಚಿಸಿದ್ದುಂಟು.

ಜುಲೈ 31. ವೆಲಿಂಗ್ಟನ್. ಜಪಾನ್ ಎದುರು.

ಈ ಪಂದ್ಯವನ್ನು ನಾನು ಆಮೇಲೂ ಕೂತು ನೋಡಿದ್ದೇನೆ. ಸ್ಪೇನಿನ ಕಾಲಲ್ಲಿ ಚೆಂಡು ಇದ್ದದ್ದು ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಹೊತ್ತು. ಸೋತಿದ್ದು 0-4. ಜಪಾನಿನವರು ಚೆಂಡನ್ನು ಬೇಕು ಅಂತಲೇ ಅವರಿಗೆ ಬಿಟ್ಟುಕೊಟ್ಟರು. ಐದು ಜನ ಹಿಂದೆ ಸಾಲಾಗಿ ನಿಂತರು, ಅವರ ಮುಂದೆ ಇನ್ನೊಂದು ಸಾಲು. ಸ್ಪೇನ್ ಪಾಸ್ ಮೇಲೆ ಪಾಸ್ ಹೊಡೆಯುತ್ತಾ ಮುಂದೆ ಮುಂದೆ ಬಂತು, ಹಿಂದೆ ಮೈದಾನ ಬಯಲಾಯಿತು. ಚೆಂಡು ಸಿಕ್ಕ ಕ್ಷಣ ಜಪಾನಿನವರು ಆ ಬಯಲಿಗೆ ಒಂದು ಉದ್ದನೆಯ ಪಾಸ್ ಕೊಡೋದು, ಹಿನಾತಾ ಮಿಯಾಜಾವಾ ಓಡೋದು, ಗೋಲು. 12ನೇ ನಿಮಿಷದಲ್ಲಿ ಹಾಗೇ ಆಯಿತು, 40ನೇ ನಿಮಿಷದಲ್ಲೂ ಹಾಗೇ ಆಯಿತು. ನಡುವೆ ರಿಕೊ ಉಯೆಕಿ ಒಂದು ಹೊಡೆದಿದ್ದರು. ಅರ್ಧ ಆಟಕ್ಕೇ 0-3. ಸ್ಪೇನಿನ ಆಟಗಾರ್ತಿಯರ ಮುಖ ನೋಡೋಕೆ ಆಗುತ್ತಿರಲಿಲ್ಲ. ಬಾಗಿಲು ತಟ್ಟುತ್ತಲೇ ಇದ್ದಾರೆ, ಒಳಗಿರೋರು ಹಿಂಬಾಗಿಲಿಂದ ಹೋಗಿ ಇವರ ಮನೆಯನ್ನೇ ಬಾಚಿಕೊಂಡು ಬಂದ ಹಾಗೆ.

ಮುಂದಿನ ಪಂದ್ಯಕ್ಕೆ ಇದ್ದದ್ದು ಐದು ದಿನ. ಇನ್ನೊಂದು ಸೋತರೆ ವಿಮಾನ ಹತ್ತಬೇಕು. ವಿಶ್ವಕಪ್ಪಿನ ನಾಕೌಟ್ ಹಂತದಲ್ಲಿ ಸ್ಪೇನ್ ಅಲ್ಲಿಯವರೆಗೆ ಒಂದೂ ಪಂದ್ಯ ಗೆದ್ದಿರಲಿಲ್ಲ. ವಿಲ್ಡಾ ಅವರ ಮೇಲೆ ಎಷ್ಟೇ ದೂರು ಇರಲಿ, ಆ ಐದು ದಿನದಲ್ಲಿ ಅವರು ಮಾಡಿದ್ದಕ್ಕೆ ಧೈರ್ಯ ಬೇಕಿತ್ತು. ಆಡುವ ಹನ್ನೊಂದರಲ್ಲಿ ಐವರನ್ನು ಬದಲಾಯಿಸಿದರು. ವರ್ಷದ ಶ್ರೇಷ್ಠ ಆಟಗಾರ್ತಿಗೆ ಕೊಡೋ ಬ್ಯಾಲನ್ ಡಿ'ಓರ್ ಪ್ರಶಸ್ತಿಯನ್ನು ಎರಡು ಸಲ ಗೆದ್ದ ಪುಟೆಯಾಸ್ ಬೆಂಚಿಗೆ ಹೋದರು. ಮೊಣಕಾಲಿನ ದೊಡ್ಡ ಗಾಯದಿಂದ ಎದ್ದು ಬಂದವರು ಅವರು, ಇನ್ನೂ ಪೂರ್ತಿ ಲಯಕ್ಕೆ ಬಂದಿರಲಿಲ್ಲ. ಗೋಲ್‌ಕೀಪರ್ ಜಾಗಕ್ಕೆ ಕಾಟಾ ಕೋಲ್ ಬಂದರು. ಹಿರಿಯರ ತಂಡಕ್ಕೆ ಅದೇ ಅವರ ಮೊದಲ ಪಂದ್ಯ. ವಿಶ್ವಕಪ್ಪಿನ ನಾಕೌಟ್‌ನಲ್ಲಿ ಮೊದಲ ಪಂದ್ಯ! ರಕ್ಷಣೆಗೆ ಲಾಯಾ ಕೊಡಿನಾ.

ಆಗಸ್ಟ್ 5, ಸ್ವಿಟ್ಜರ್ಲೆಂಡ್ ಎದುರು. ಬೊನ್ಮಾಟಿ ಐದನೇ ನಿಮಿಷದಲ್ಲೇ ಗೋಲು ಹೊಡೆದರು. ಹನ್ನೊಂದನೇ ನಿಮಿಷದಲ್ಲಿ ಏನಾಯಿತು ಅಂದರೆ, ಕೊಡಿನಾ ಮೈದಾನದ ಮಧ್ಯದ ಹತ್ತಿರದಿಂದ ಚೆಂಡನ್ನು ತಮ್ಮ ಗೋಲ್‌ಕೀಪರ್ ಕಡೆಗೆ ಹಿಂದಕ್ಕೆ ತಳ್ಳಿದರು. ಕಾಟಾ ಕೋಲ್ ಅದು ಬರುತ್ತೆ ಅಂದುಕೊಂಡ ಕಡೆ ಇರಲಿಲ್ಲ. ಚೆಂಡು ನಿಧಾನವಾಗಿ, ಯಾರೂ ಮುಟ್ಟದೆ, ಉರುಳಿ ಉರುಳಿ ಸ್ವಂತ ಗೋಲಿನೊಳಕ್ಕೆ ಹೋಯಿತು. ಹೊಸ ಗೋಲ್‌ಕೀಪರ್, ಹೊಸ ಡಿಫೆಂಡರ್, ಮೊದಲ ಹದಿನೈದು ನಿಮಿಷವೂ ಆಗಿಲ್ಲ. ಬೇರೆ ತಂಡ ಆಗಿದ್ದರೆ ಅಲ್ಲಿಗೆ ಕುಸಿದು ಹೋಗುತ್ತಿತ್ತು. ಟಿವಿಯಲ್ಲಿ ಕಂಡಿದ್ದು ಇಷ್ಟೇ: ಸುತ್ತಲಿನ ನಾಲ್ಕೈದು ಜನ ಬಂದು ಕೊಡಿನಾ ಬೆನ್ನು ತಟ್ಟಿದರು, ಚೆಂಡನ್ನು ಮಧ್ಯಕ್ಕೆ ತಂದಿಟ್ಟರು, ಮತ್ತೆ ಪಾಸ್ ಶುರು ಮಾಡಿದರು. ಆರು ನಿಮಿಷಕ್ಕೆ ಆಲ್ಬಾ ರೆದೊಂದೊ ಎರಡನೇ ಗೋಲು. ಬೊನ್ಮಾಟಿ ಮೂರನೆಯದು. ಅರ್ಧ ಆಟದ ಹೊತ್ತಿಗೆ ನಾಲ್ಕನೆಯದು, ಅದನ್ನು ಹೊಡೆದವರು ಅದೇ ಕೊಡಿನಾ. 5-1 ಗೆದ್ದರು. ಆ ವಿಶ್ವಕಪ್ಪಿನಲ್ಲಿ ನನಗೆ ಅತಿ ಇಷ್ಟವಾದ ಪಂದ್ಯ ಯಾವುದು ಅಂದರೆ ಫೈನಲ್ ಹೆಸರು ಹೇಳಲ್ಲ, ಇದನ್ನೇ ಹೇಳ್ತೀನಿ.

ಕ್ವಾರ್ಟರ್ ಫೈನಲ್ ನೆದರ್‌ಲೆಂಡ್ಸ್ ಜೊತೆ, ನಮ್ಮಲ್ಲಿ ಬೆಳಗ್ಗೆ ಆರೂವರೆಗೆ. ಕಾಫಿ ಹಿಡಿದು ಕೂತಿದ್ದೆ. 81ನೇ ನಿಮಿಷದಲ್ಲಿ ಕಾಲ್ದೆಂಟೈ ಪೆನಾಲ್ಟಿ ಹೊಡೆದು 1-0. ಆ ಪೆನಾಲ್ಟಿಗೆ ಕಾರಣ ಡಚ್ ತಂಡದ ಸ್ಟೆಫಾನಿ ವಾನ್ ಡೆರ್ ಗ್ರಾಹ್ಟ್ ಕೈಗೆ ಚೆಂಡು ತಾಗಿದ್ದು. ಆಕೆಗೆ ಅದು ವೃತ್ತಿಜೀವನದ ಕೊನೆಯ ಟೂರ್ನಿ. 90 ನಿಮಿಷ ಮುಗಿದ ಮೇಲೆ ರೆಫರಿ ಸೇರಿಸಿ ಕೊಟ್ಟ ಹೊತ್ತಿನ ಮೊದಲ ನಿಮಿಷದಲ್ಲಿ ಆಕೆಯೇ ಮುಂದೆ ಬಂದು ಸಮ ಮಾಡಿದರು. ಎದುರಾಳಿ ಆದರೂ ನನಗೆ ಖುಷಿಯಾಯಿತು. ಆಮೇಲೆ ಅರ್ಧ ಗಂಟೆಯ ಎಕ್ಸ್‌ಟ್ರಾ ಟೈಮ್. 111ನೇ ನಿಮಿಷದಲ್ಲಿ ಬದಲಿಯಾಗಿ ಬಂದಿದ್ದ ಸಾಲ್ಮಾ ಪರಾಯುವೆಲೊ ಎಡಗಡೆಯಿಂದ ಓಡಿಬಂದು ಒಳಕ್ಕೆ ತಿರುಗಿ ಹೊಡೆದಳು, ಚೆಂಡು ಕಂಬಕ್ಕೆ ತಾಗಿ ಒಳಗೆ. 19 ವರ್ಷದ ಹುಡುಗಿ. ಜರಾಗೋಜಾ ಊರಿನವಳು. 400 ಮೀಟರ್ ಹರ್ಡಲ್ಸ್‌ನಲ್ಲಿ ಯುರೋಪಿನ ಕಿರಿಯರ ಕೂಟದಲ್ಲಿ ಚಿನ್ನ ಗೆದ್ದವಳು. ಓಟವೋ ಫುಟ್‌ಬಾಲೋ ಅಂತ ಎರಡನ್ನೂ ಕೆಲವು ವರ್ಷ ಒಟ್ಟಿಗೆ ನಡೆಸಿ, 2022ರಲ್ಲಿ ಬಾರ್ಸಿಲೋನಾ ಸೇರಿದ ಮೇಲೆ ಫುಟ್‌ಬಾಲನ್ನೇ ಹಿಡಿದಳು. 110 ನಿಮಿಷ ಆಡಿ ಸುಸ್ತಾದ ಡಿಫೆಂಡರ್‌ಗಳ ಎದುರು ಹಾಗೆ ಓಡೋಕೆ ಅವಳಿಗೇ ಸಾಧ್ಯ.

ಸೆಮಿಫೈನಲ್ ಆಗಸ್ಟ್ 15ಕ್ಕೆ. ನಮಗೆ ರಜೆ. ಮಂಡ್ಯದಲ್ಲಿ ಧ್ವಜಾರೋಹಣ ಮುಗಿಸಿ, ಶಾಲೆಯಲ್ಲಿ ಕೊಟ್ಟ ಲಾಡು ಪೊಟ್ಟಣ ಹಿಡಿದು ಅಕ್ಕನ ಮಗಳು ಮನೆಗೆ ಬಂದಳು, ಒಂದೂವರೆಗೆ ಸರಿಯಾಗಿ ಸ್ವೀಡನ್ ಜೊತೆ ಆಟ ಶುರು. ಆ ವರ್ಷ ಮಳೆ ಕೈಕೊಟ್ಟಿತ್ತು, ಕೆಆರ್‌ಎಸ್ ತುಂಬಿರಲಿಲ್ಲ, ಊರೆಲ್ಲ ನಾಲೆ ನೀರಿನ ಮಾತೇ. ಭಾವನ ತಲೆಯಲ್ಲೂ ಅದೇ. ಆದರೂ ಅವರೂ ಬಂದು ಕೂತರು. 80 ನಿಮಿಷ ಏನೂ ಆಗಲಿಲ್ಲ. ಆಮೇಲೆ ಹತ್ತು ನಿಮಿಷದಲ್ಲಿ ಎಲ್ಲ ಆಯಿತು. 81ನೇ ನಿಮಿಷದಲ್ಲಿ ಸಾಲ್ಮಾ, 88ರಲ್ಲಿ ಸ್ವೀಡನ್ನಿನ ರೆಬೆಕ್ಕಾ ಬ್ಲೋಮ್‌ಕ್ವಿಸ್ಟ್. ಎಕ್ಸ್‌ಟ್ರಾ ಟೈಮ್ ಖಾತ್ರಿ ಅಂತ ಭಾವ ಎದ್ದು ನೀರು ಕುಡಿಯೋಕೆ ಹೋದರು. ಎರಡು ನಿಮಿಷ ಕೂಡ ಆಗಿರಲಿಲ್ಲ. ಕಾರ್ನರ್‌ನಿಂದ ಚೆಂಡು ಒಳಕ್ಕೆ ಬರಲೇ ಇಲ್ಲ, ಸುಮ್ನೆ ಪಕ್ಕಕ್ಕೆ, ಅಲ್ಲಿಂದ ಹೆರ್ಮೋಸೊ ಕಾಲಿಂದ ದೂರದಲ್ಲಿ ನಿಂತಿದ್ದ ಓಲ್ಗಾ ಕಾರ್ಮೋನಾ ಕಡೆಗೆ. ಅಲ್ಲಿಂದಲೇ ಹೊಡೆದರು. ಮೇಲಿನ ಕಂಬಿಯ ಅಡಿಗೆ ಬಡಿದು ಚೆಂಡು ಒಳಗೆ ಬಿತ್ತು. ಹುಡುಗಿ ಸೋಫಾದಿಂದ ಜಿಗಿದ ರಭಸಕ್ಕೆ ಲಾಡು ಪೊಟ್ಟಣ ನೆಲಕ್ಕೆ.

ಫೈನಲ್ ಆಗಸ್ಟ್ 20, ಭಾನುವಾರ ಮಧ್ಯಾಹ್ನ ಮೂರೂವರೆಗೆ. ಮಾರನೇ ದಿನ ನಾಗರ ಪಂಚಮಿ, ಅಕ್ಕ ಅಡುಗೆ ಮನೆಯಲ್ಲಿ ತಂಬಿಟ್ಟಿಗೆ ಹುರಿಯುತ್ತಿದ್ದಳು, ಅಲ್ಲಿಂದಲೇ ಸ್ಕೋರ್ ಕೇಳುತ್ತಿದ್ದಳು. ಸಿಡ್ನಿ ಮೈದಾನದಲ್ಲಿ 75,784 ಜನ. ಎದುರಾಳಿ ಇಂಗ್ಲೆಂಡ್. ಹಿಂದಿನ ವರ್ಷ ಯುರೋ ಕಪ್ಪಿನ ಕ್ವಾರ್ಟರ್ ಫೈನಲ್‌ನಲ್ಲಿ ಸ್ಪೇನನ್ನು ಮನೆಗೆ ಕಳಿಸಿ ಕಪ್ ಗೆದ್ದ ತಂಡ.

ಆ ಗೋಲನ್ನು ನಿಧಾನವಾಗಿ ಹೇಳಬೇಕು. 29ನೇ ನಿಮಿಷ. ಇಂಗ್ಲೆಂಡಿನ ಬಲಗಡೆ ಆಡುವ ಲೂಸಿ ಬ್ರಾನ್ಜ್ ಚೆಂಡು ತಗೊಂಡು ತಮ್ಮ ಜಾಗ ಬಿಟ್ಟು ಮೈದಾನದ ಮಧ್ಯಕ್ಕೆ ನುಗ್ಗಿದರು. ಮೂರು ಜನ ಸ್ಪೇನಿನವರು ಸುತ್ತುವರಿದರು, ಚೆಂಡು ಹೋಯಿತು. ಸಿಕ್ಕ ಚೆಂಡನ್ನು ತೆರೆಸಾ ಅಬೆಲೈರಾ ತಲೆ ಎತ್ತಿ ಒಂದು ಸಲ ನೋಡಿ, ಬ್ರಾನ್ಜ್ ಖಾಲಿ ಬಿಟ್ಟು ಬಂದಿದ್ದ ಆ ಬದಿಗೇ ಉದ್ದಕ್ಕೆ ಕಳಿಸಿದರು. ಅಲ್ಲಿ ಕಾಲ್ದೆಂಟೈ. ಅವರು ಹೊಡೆಯಲಿಲ್ಲ, ಕಾದರು. ಹಿಂದಿನಿಂದ ಓಡಿಬರುತ್ತಿದ್ದ ಎಡ ಡಿಫೆಂಡರ್ ಕಾರ್ಮೋನಾ ಪಕ್ಕಕ್ಕೆ ಬರುವ ತನಕ ಚೆಂಡನ್ನು ಹಿಡಿದಿಟ್ಟುಕೊಂಡು, ಸರಿಯಾದ ಹೊತ್ತಿಗೆ ಜಾರಿಸಿದರು. ಕಾರ್ಮೋನಾ ಎಡಗಾಲಲ್ಲಿ ನೆಲಕ್ಕೆ ಒತ್ತಿ ಗೋಲಿನ ಆಚೆ ಮೂಲೆಗೆ ಹೊಡೆದರು. ಇಂಗ್ಲೆಂಡ್ ಗೋಲ್‌ಕೀಪರ್ ಮೇರಿ ಅರ್ಪ್ಸ್ ಪೂರ್ತಿ ಚಾಚಿದರೂ ಸಿಗಲಿಲ್ಲ. "ಚಿಕ್ಕಮ್ಮ, ಅವ್ಳು ಬುಟ್ಟು ಬಂದ್ ಜಾಗ್ಕೇ ಹೋದ್ರು ನೋಡು," ಅಂದಳು ನಮ್ಮ ಹುಡುಗಿ. ಖೋ ಖೋ ಆಡೋಳು, ಖಾಲಿ ಜಾಗ ಅವಳ ಕಣ್ಣಿಗೆ ಮೊದಲು ಬೀಳುತ್ತೆ. ಆ ಗೋಲಿನಲ್ಲಿ ನನಗೆ ಜಪಾನ್ ಪಂದ್ಯದ ಪಾಠವೂ ಕಂಡಿತು. ಅವತ್ತು ತಮಗೆ ಆದದ್ದನ್ನೇ ಇವರು ಇಂಗ್ಲೆಂಡಿಗೆ ಮಾಡಿದರು: ಎದುರಾಳಿ ಮುಂದೆ ಬರಲಿ, ಚೆಂಡು ಕಸಿ, ಖಾಲಿ ಜಾಗಕ್ಕೆ ಕಳಿಸು.

ಆಮೇಲೆ ಹೆರ್ಮೋಸೊ ಪೆನಾಲ್ಟಿಯನ್ನು ಅರ್ಪ್ಸ್ ತಡೆದರು. ಕೊನೆಗೆ ಹದಿಮೂರು ನಿಮಿಷ ಹೆಚ್ಚುವರಿ ಸಮಯ ಕೊಟ್ಟರು, ನನಗೆ ಒಂದು ಗಂಟೆ ಅನ್ನಿಸಿತು. 1-0. ಸೀಟಿ ಊದಿತು. ಜರ್ಮನಿ ಬಿಟ್ಟರೆ ಗಂಡಸರ ವಿಶ್ವಕಪ್ ಹೆಂಗಸರ ವಿಶ್ವಕಪ್ ಎರಡನ್ನೂ ಗೆದ್ದ ದೇಶ ಸ್ಪೇನ್ ಒಂದೇ. ಬೊನ್ಮಾಟಿಗೆ ಟೂರ್ನಿಯ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ, ಸಾಲ್ಮಾಗೆ ಯುವ ಆಟಗಾರ್ತಿ ಪ್ರಶಸ್ತಿ. ಇಮೇಲ್ ಕಳಿಸಿದ ಹದಿನೈದರಲ್ಲಿ ಬೊನ್ಮಾಟಿ ಒಬ್ಬರು ಅನ್ನೋದನ್ನು ನೆನಪಿಡಿ. ಗೋಲಿಗೆ ಪಾಸ್ ಕೊಟ್ಟ ಕಾಲ್ದೆಂಟೈ ಇನ್ನೊಬ್ಬರು. ದೂರು ಹೇಳುವವರು ತಂಡ ಹಾಳು ಮಾಡ್ತಾರೆ ಅನ್ನೋರು ಈ ಎರಡು ಹೆಸರನ್ನು ನೋಡಬೇಕು.

ಗೋಲು ಹೊಡೆದ ಕಾರ್ಮೋನಾ ಅವರ ತಂದೆ ತೀರಿಹೋಗಿದ್ದರು. ಮನೆಯವರು ಮಗಳ ಆಟ ಕೆಡಬಾರದು ಅಂತ ಹೇಳಿರಲಿಲ್ಲ, ಪಂದ್ಯ ಮುಗಿದ ಮೇಲೆ ಹೇಳಿದರು. ಕಪ್ ಹಿಡಿದು ಕುಣಿದ ಹುಡುಗಿಗೆ ಸ್ವಲ್ಪ ಹೊತ್ತಿಗೇ ಆ ಸುದ್ದಿ. ಇದನ್ನು ಕೇಳಿದಾಗ ಅಕ್ಕ ಒಲೆ ಆರಿಸಿ ಬಂದು ಸುಮ್ಮನೆ ಕೂತುಬಿಟ್ಟಳು.

ವೇದಿಕೆಯ ಮೇಲೆ ಆದದ್ದು ಎಲ್ಲರಿಗೂ ಗೊತ್ತು. ಆಮೇಲಿನದ್ದು ಅಷ್ಟು ಗೊತ್ತಿಲ್ಲ, ಅದಕ್ಕೇ ಹೇಳ್ತೀನಿ. ಐದು ದಿನದ ನಂತರ ಒಕ್ಕೂಟದ ಸಭೆಯಲ್ಲಿ ರುಬಿಯಾಲೆಸ್, ನಾನು ರಾಜೀನಾಮೆ ಕೊಡಲ್ಲ ಅಂತ ಮತ್ತೆ ಮತ್ತೆ ಕೂಗಿ ಹೇಳಿದರು, ಸಭೆಯಲ್ಲಿ ಚಪ್ಪಾಳೆ ಬಿತ್ತು. ಅವತ್ತೇ 81 ಆಟಗಾರ್ತಿಯರು ಸಹಿ ಹಾಕಿದರು: ಈಗಿನ ಆಡಳಿತ ಇರುವವರೆಗೂ ನಾವು ದೇಶಕ್ಕಾಗಿ ಆಡಲ್ಲ. ಕಪ್ ಗೆದ್ದ 23 ಜನರೂ ಅದರಲ್ಲಿದ್ದರು. ಆ ಮುತ್ತಿಗೆ ನನ್ನ ಒಪ್ಪಿಗೆ ಇರಲಿಲ್ಲ ಅಂತ ಹೆರ್ಮೋಸೊ ಸ್ಪಷ್ಟವಾಗಿ ಹೇಳಿದರು. ಮಾರನೇ ದಿನ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ರುಬಿಯಾಲೆಸ್‌ರನ್ನು ಅಮಾನತು ಮಾಡಿತು. ಸೆಪ್ಟೆಂಬರ್ 5ಕ್ಕೆ ವಿಲ್ಡಾ ಕೆಲಸ ಹೋಯಿತು, 10ಕ್ಕೆ ರುಬಿಯಾಲೆಸ್ ರಾಜೀನಾಮೆ. 2025ರ ಫೆಬ್ರುವರಿಯಲ್ಲಿ ನ್ಯಾಯಾಲಯ ಅವರನ್ನು ಲೈಂಗಿಕ ದೌರ್ಜನ್ಯದ ಅಪರಾಧಿ ಅಂತ ಹೇಳಿ ದಂಡ ಹಾಕಿತು.

ಇದರ ನಡುವೆ ಒಂದು ರಾತ್ರಿ ನನಗೆ ಫೈನಲ್‌ಗಿಂತ ದೊಡ್ಡದಾಗಿ ಕಾಣುತ್ತೆ. ಹೊಸ ಕೋಚ್ ಮೊಂತ್ಸೆ ತೊಮೆ, ಆ ತಂಡಕ್ಕೆ ಮೊದಲ ಮಹಿಳಾ ಕೋಚ್, ಆಡಲ್ಲ ಅಂದವರ ಹೆಸರನ್ನೂ ಸೇರಿಸಿ ಪಟ್ಟಿ ಪ್ರಕಟಿಸಿದರು. ಬರದಿದ್ದರೆ ಕಾನೂನು ಪ್ರಕಾರ ದಂಡ, ನಿಷೇಧ ಎಲ್ಲ ಆಗಬಹುದಿತ್ತು. ಬಂದರು. ವೇಲೆನ್ಸಿಯಾ ಹತ್ತಿರದ ಹೋಟೆಲಿನಲ್ಲಿ ಒಕ್ಕೂಟದವರು, ಸರ್ಕಾರದ ಕ್ರೀಡಾ ಇಲಾಖೆಯವರು, ಆಟಗಾರ್ತಿಯರು ಎದುರು ಬದುರು ಕೂತರು. ಬೆಳಗಿನ ಜಾವ ಐದರವರೆಗೂ ಮಾತು ನಡೆಯಿತು. ಒಕ್ಕೂಟದಲ್ಲಿ ಬದಲಾವಣೆ ಆಗುತ್ತೆ, ಅದನ್ನು ನೋಡಿಕೊಳ್ಳೋಕೆ ಮೂರೂ ಕಡೆಯವರ ಸಮಿತಿ ಇರುತ್ತೆ ಅಂತ ಒಪ್ಪಂದ ಆಯಿತು. ಇಬ್ಬರು ಮನೆಗೆ ಹೋದರು, ಉಳಿದವರು ಇದ್ದರು. ಎರಡು ದಿನಕ್ಕೆ ಸ್ವೀಡನ್‌ಗೆ ಹೋಗಿ 3-2 ಗೆದ್ದರು. ಗಂಡಸರ ತಂಡಕ್ಕೂ ಹೆಂಗಸರ ತಂಡಕ್ಕೂ ಇನ್ನು ಮುಂದೆ ಒಂದೇ ಹೆಸರು ಅಂತ ಒಕ್ಕೂಟ ಘೋಷಿಸಿದ್ದೂ ಅದೇ ವಾರ. ತೊಮೆ ಪ್ರಕಟಿಸಿದ ಪಟ್ಟಿಯಲ್ಲಿ ಹೆರ್ಮೋಸೊ ಹೆಸರು ಇರಲಿಲ್ಲ, ಅವರನ್ನು ರಕ್ಷಿಸೋಕೆ ಅಂತ ಕಾರಣ ಕೊಟ್ಟಿದ್ದರು. ಯಾರಿಂದ ರಕ್ಷಣೆ ಅಂತ ಅವರು ವಾಪಸ್ ಕೇಳಿದರು. ಅಕ್ಟೋಬರ್‌ನಲ್ಲಿ ತಂಡಕ್ಕೆ ಮರಳಿ, ಇಟಲಿ ಎದುರು ಕೊನೇ ಗಳಿಗೆಯಲ್ಲಿ ಗೆಲುವಿನ ಗೋಲು ಹೊಡೆದರು.

ನಮ್ಮ ಕಡೆಯ ಒಂದು ವಿಷಯ ಹೇಳದಿದ್ದರೆ ಇದು ಪೂರ್ತಿ ಆಗಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ನಮ್ಮ ಮಹಿಳೆಯರು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ನಮ್ಮ ಹುಡುಗಿ ಅವರ ಆಟದ ವಿಡಿಯೊ ಎಷ್ಟು ಸಲ ನೋಡಿದ್ದಾಳೋ ಲೆಕ್ಕ ಇಲ್ಲ. ಗೆದ್ದು ಬಂದ ಚೈತ್ರಾ ಮತ್ತು ಪುರುಷರ ತಂಡದ ಎಂ.ಕೆ. ಗೌತಮ್ ಅವರಿಗೆ ರಾಜ್ಯ ಸರ್ಕಾರ ತಲಾ 5 ಲಕ್ಷ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿ ಲೆಕ್ಕದಲ್ಲಿ ಬಹುಮಾನ, ಜೊತೆಗೆ ಸರ್ಕಾರಿ ಕೆಲಸ ಕೊಟ್ಟಿತ್ತು. ಇಬ್ಬರೂ ಆ 5 ಲಕ್ಷ ಬೇಡ ಅಂದರು. ಆಗ ನಮ್ಮ ಬೀದಿಯಲ್ಲೇ ಕೆಲವರು, ಕೊಟ್ಟಿದ್ದು ತಗೊಂಡು ಸುಮ್ನಿರಬಾರದಾ, ದುರಾಸೆ ಅಂದರು. ನನಗೆ ಹಾಗನ್ನಿಸಲಿಲ್ಲ. ಐದು ಲಕ್ಷ ಒಂದು ಹಳ್ಳಿಯ ಮನೆಗೆ ಸಣ್ಣ ದುಡ್ಡಲ್ಲ. ಅದನ್ನು ಬೇಡ ಅನ್ನೋಕೆ, ಅದೂ ಎಲ್ಲರೆದುರು, ಎಷ್ಟು ಗಟ್ಟಿ ಮನಸ್ಸು ಬೇಕು ಅಂತ ಯೋಚಿಸಿ. ಪಕ್ಕದ ರಾಜ್ಯದಲ್ಲಿ ಇದೇ ಆಟಕ್ಕೆ ಇದೇ ಕಪ್ಪಿಗೆ ಇಷ್ಟು ಬೆಲೆ ಇದೆ, ನಮಗೇಕಿಲ್ಲ ಅಂತ ಕೇಳಿದ್ದು ಅವರಿಬ್ಬರಿಗಾಗಿ ಮಾತ್ರ ಆಗಿರಲಿಲ್ಲ. ಮುಂದೆ ಆಡೋ ಎಲ್ಲ ಮಕ್ಕಳಿಗೂ ಅದು ಸೇರುತ್ತೆ.

ಅಕ್ಕನ ಮಗಳು ಈಗ ಕಾಲೇಜು ತಂಡದಲ್ಲಿದ್ದಾಳೆ. ಹೋದ ಸಲ ಬೇರೆ ಊರಿಗೆ ಹೊರಡೋ ಮುಂಚೆ ಅವಳೂ ಅವಳ ಗೆಳತಿಯರೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಕೊಟ್ಟರು: ಬಟ್ಟೆ ಬದಲಾಯಿಸೋಕೆ ಬಾಗಿಲಿರೋ ಕೋಣೆ, ಹುಡುಗಿಯರ ಅಳತೆಯ ಜೆರ್ಸಿ, ರಾತ್ರಿ ಬಸ್ಸಿನ ಬದಲು ಬೆಳಗಿನ ಬಸ್ಸು. ಕೋಣೆ ಸಿಕ್ಕಿತು, ಬೆಳಗಿನ ಬಸ್ಸೂ ಸಿಕ್ಕಿತು. ಜೆರ್ಸಿ ಬಗ್ಗೆ ಮುಂದಿನ ವರ್ಷ ನೋಡೋಣ ಅಂದರಂತೆ. "ಮುಂದಿನ್ ವರ್ಷನೂ ಕೇಳ್ತೀವಿ" ಅಂತ ಇವಳು ಅಲ್ಲೇ ಹೇಳಿ ಬಂದಿದ್ದಾಳೆ. ಅಕ್ಕನಿಗೆ ಸ್ವಲ್ಪ ಗಾಬರಿ, ಹಾಗೆಲ್ಲ ಎದುರು ಮಾತಾಡಿದರೆ ತಂಡದಿಂದ ತೆಗೆದರೆ ಅಂತ. ನಾನು ಅಕ್ಕನಿಗೆ ಐಟಾನಾ ಬೊನ್ಮಾಟಿ ಕಥೆ ಮತ್ತೆ ಹೇಳಿದೆ. ಪತ್ರ ಬರೆದು, ಆಡಿ, ಕಪ್ ಗೆದ್ದು, ಆ ವರ್ಷ ಬ್ಯಾಲನ್ ಡಿ'ಓರ್ ತಗೊಂಡು, ಮುಂದಿನ ಎರಡು ವರ್ಷವೂ ಅದನ್ನು ಬೇರೆಯವರಿಗೆ ಬಿಟ್ಟುಕೊಡಲಿಲ್ಲ ಅಂತ. ಅಕ್ಕ ಕೇಳಿಸಿಕೊಂಡು, "ಜೆರ್ಸಿ ಬರೋವರ್ಗೂ ಪಿನ್ ಹಾಕಲ್ಲ, ಪ್ರೆಸ್ ಬಟನ್ ಹೊಲೀತೀನಿ" ಅಂದಳು. ನಾಳೆ ಸಂತೆಪೇಟೆಯಿಂದ ಬಟನ್ ತರೋ ಕೆಲಸ ನನ್ನದು.